ಸೊಂಟದ ಗುರಿಗೆ ತೇಪೆ ಹಚ್ಚಿದವರು

ನಮ್ಮ ಮಾವ ಮೂವತ್ತೊಂದು ವರ್ಷ ಒಂದು ಗುಂಡಿಯಲ್ಲಿ ಕೂತು ಸಂಬಳ ತೆಗೆದುಕೊಂಡವರು. ಹೀಗೆಂದರೆ ನನ್ನ ಹೆಂಡತಿಗೆ ಸಿಟ್ಟು ಬರುತ್ತದೆ, ಆದರೆ ಸುಳ್ಳೇನಲ್ಲ. ಕಾವಲು ಪಡೆಯ ತರಬೇತಿ ಶಾಲೆಯ ಹಿಂದೆ ಗುಂಡು ಹಾರಿಸುವ ಮೈದಾನವಿದೆ. ಅದರ ಕೊನೆಯಲ್ಲಿ ಮಣ್ಣಿನ ದಿಬ್ಬ, ದಿಬ್ಬದ ಮುಂದೆ ಆಳೆತ್ತರದ ಗುಂಡಿ, ಗುಂಡಿಯಲ್ಲಿ ಒಂದು ಮೋಟು ಬೆಂಚು, ಬೆಂಚಿನ ಮೇಲೆ ನಮ್ಮ ಮಾವ. ಅವರ ತಲೆಯ ಮೇಲೆ ಸಾಲಾಗಿ ಕಾಗದದ ಮನುಷ್ಯರು ಮರದ ಚೌಕಟ್ಟುಗಳಲ್ಲಿ ನಿಂತಿರುತ್ತಾರೆ. ತರಬೇತಿಯವರು ಆ ಕಡೆಯಿಂದ ಗುಂಡು ಹಾರಿಸಿ ಮುಗಿಸಿದ ಮೇಲೆ ಮಾವ ಚೌಕಟ್ಟನ್ನು ಹಗ್ಗದಿಂದ ಕೆಳಗಿಳಿಸಬೇಕು, ತೂತುಗಳನ್ನು ನೋಡಬೇಕು, ಉದ್ದ ಕೋಲಿನ ತುದಿಗಿರುವ ಬಿಳಿ ತಟ್ಟೆಯನ್ನು ಎಷ್ಟು ಗುಂಡು ತಾಗಿತೋ ಅಷ್ಟು ಸಲ ಎತ್ತಿ ತೋರಿಸಬೇಕು. ಒಂದೂ ತಾಗದಿದ್ದರೆ ಕೆಂಪು ಬಾವುಟ ಬೀಸಬೇಕು. ಆಮೇಲೆ ತೂತುಗಳಿಗೆ ಅಂಟು ಸವರಿ, ಕಾಗದದ ತೇಪೆ ಹಚ್ಚಿ, ಕಾಗದದ ಮನುಷ್ಯನಿಗೆ ಮರುಜೀವ ಕೊಟ್ಟು ಮತ್ತೆ ಮೇಲಕ್ಕೆ ಕಳಿಸಬೇಕು. ಶಾಲೆಯಲ್ಲಿ ಎಲ್ಲರೂ ಅವರನ್ನು ತೇಪೆ ಎಂದೇ ಕರೆಯುತ್ತಿದ್ದರು. ಮರ್ಯಾದೆ ಇದ್ದವರು ತೇಪೆಯಣ್ಣ ಎನ್ನುತ್ತಿದ್ದರು.

ಈ ಕೆಲಸ ಅವರ ಮೈಗೆ ಎಷ್ಟು ಹತ್ತಿತ್ತೆಂದರೆ ಮನೆಯಲ್ಲಿ ಒಂದು ತೂತು ಕಂಡರೂ ತಡೆಯುತ್ತಿರಲಿಲ್ಲ. ಸೊಳ್ಳೆ ಪರದೆಗೆ ತೇಪೆ, ಕೊಡೆಗೆ ತೇಪೆ, ಬಚ್ಚಲಿನ ಬಕೆಟ್ಟಿಗೂ ತೇಪೆ. ಅತ್ತೆಯ ಮಾತಿಗೂ ಅಷ್ಟೇ. ಅತ್ತೆ ಯಾರ ಮನಸ್ಸನ್ನಾದರೂ ನೋಯಿಸಿ ಹೋದರೆ ಹಿಂದೆಯೇ ಮಾವ ಬಂದು, ಅವಳು ಹಾಗಲ್ಲ ಹೇಳಿದ್ದು, ಹೀಗೆ ಹೇಳಿದ್ದು ಎಂದು ಅಂಟು ಸವರುತ್ತಿದ್ದರು. ಒಬ್ಬರ ಮುಖ ಸಪ್ಪಗಾಗುವುದನ್ನು ನೋಡುವ ಶಕ್ತಿ ಆ ಮನುಷ್ಯನಿಗೆ ಇರಲಿಲ್ಲ. ಇದನ್ನು ಜನ ಒಳ್ಳೆಯತನ ಎನ್ನುತ್ತಾರೆ. ಒಳ್ಳೆಯತನ ಎಂದರೆ ಏನೇನು ಅನಾಹುತ ಮಾಡಬಲ್ಲದು ಎಂದು ತಿಳಿಯಬೇಕಾದರೆ ನನ್ನ ಹಾಗೆ ಅದರ ಎದುರಿಗೆ ನಿಂತು ನೋಡಬೇಕು.

ತರಬೇತಿಯ ಕೊನೆಗೆ ಪರೀಕ್ಷೆ. ಹತ್ತು ಗುಂಡಿನಲ್ಲಿ ಏಳು ಕಾಗದಕ್ಕೆ ತಾಗಿದರೆ ಕೆಲಸ, ಆರು ತಾಗಿದರೆ ಗಂಟುಮೂಟೆ ಕಟ್ಟಿಕೊಂಡು ಊರ ದಾರಿ. ಇಲ್ಲಿ ಮಾವನ ಪೆನ್ಸಿಲ್ ಬರುತ್ತದೆ. ಗುಂಡಿಯಲ್ಲಿ ಅವರಿಗಿಂತ ಮೊದಲು ಕೂತಿದ್ದವರು ಅಂಟಿನ ಡಬ್ಬಿಯ ಜೊತೆಗೆ ಈ ವಿದ್ಯೆಯನ್ನೂ ಹಸ್ತಾಂತರಿಸಿ ಹೋಗಿದ್ದರಂತೆ. ಪೆನ್ಸಿಲ್ ಹೆಚ್ಚುಕಡಿಮೆ ಗುಂಡಿನಷ್ಟೇ ದಪ್ಪ. ಕಾಗದದ ಮುಂಭಾಗದಿಂದ ಒಮ್ಮೆ ಚುಚ್ಚಿದರೆ ಹರಿದ ಅಂಚು ಹಿಂದಕ್ಕೆ ಮಡಚಿಕೊಳ್ಳುತ್ತದೆ, ಥೇಟು ಗುಂಡು ಹೊಕ್ಕ ಹಾಗೆ. ನಿಜವಾದ ಗುಂಡು ಹೋಗುವಾಗ ಅಂಚಿಗೆ ಬೂದು ಬಣ್ಣದ ಮಸಿ ಒರೆಸಿ ಹೋಗುತ್ತದೆ. ಪೆನ್ಸಿಲ್ಲಿನ ಮೊನೆಯನ್ನು ತೂತಿನ ಸುತ್ತ ಒಂದು ಸುತ್ತು ಆಡಿಸಿದರೆ ಅದೂ ಆಯಿತು. ಐದೋ ಆರೋ ಹೊಡೆದು ಬೆವರುತ್ತ ನಿಂತವನ ಕಾಗದಕ್ಕೆ ಮಾವ ಒಂದೆರಡು ಚುಚ್ಚಿ ಏಳು ಮಾಡುತ್ತಿದ್ದರು. ಎಷ್ಟು ಸಂಸಾರಗಳು ಆ ಪೆನ್ಸಿಲ್ಲಿನ ಮೇಲೆ ನಿಂತಿವೆಯೋ ದೇವರೇ ಬಲ್ಲ. ಆಗ ಇದೊಂದೂ ನನಗೆ ಗೊತ್ತಿರಲಿಲ್ಲ. ನಾನು ಅದೇ ಶಾಲೆಯಲ್ಲಿ ಪಾಸಾಗಿ, ಅಲ್ಲೇ ಬಂದೂಕುಗಳನ್ನು ಒರೆಸಿ ಎಣ್ಣೆ ಹಾಕಿಡುವ ಕೋಣೆಗೆ ಸೇರಿ, ತೇಪೆಯಣ್ಣನ ಮಗಳನ್ನೇ ಮದುವೆಯಾಗಿ, ನನ್ನ ಗುರಿಯ ಬಗ್ಗೆ ಸಣ್ಣದೊಂದು ಜಂಬ ಇಟ್ಟುಕೊಂಡು ಓಡಾಡುತ್ತಿದ್ದೆ.

ಹೀಗಿರುವಾಗ ಶಾಲೆಗೆ ಹೊಸ ದೊಡ್ಡ ಸಾಹೇಬರು ಬಂದರು. ಓದಿದವರು, ಕೆಟ್ಟವರಲ್ಲ, ಕೆಳಗಿನವರ ಕಷ್ಟ ಸುಖ ಕೇಳುವವರು. ಒಂದೇ ಒಂದು ಕಾಯಿಲೆ. ರಿವಾಲ್ವರನ್ನು ಕಣ್ಣಿನ ಮಟ್ಟಕ್ಕೆ ಎತ್ತುವುದು ಅಂಜುಬುರುಕರ ಕೆಲಸ ಎಂದು ಅವರ ನಂಬಿಕೆ. ಸಿನಿಮಾದಲ್ಲಿ ಕಾಲು ಅಗಲಿಸಿ ನಿಂತವನು ಸೊಂಟದ ಹತ್ತಿರವೇ ಕೈ ಇಟ್ಟು ಆರು ಜನರನ್ನು ಮಲಗಿಸುತ್ತಾನಲ್ಲ, ಅದು ಅವರಿಗೆ ಕತೆಯಾಗಿ ಕಂಡಿರಲಿಲ್ಲ, ಪಾಠವಾಗಿ ಕಂಡಿತ್ತು. ಬಂದ ಮೊದಲ ಶನಿವಾರವೇ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಇಪ್ಪತ್ತೈದು ಹೆಜ್ಜೆ ದೂರದಿಂದ, ಮೊಣಕೈಯನ್ನು ಪಕ್ಕೆಗೆ ಒತ್ತಿ, ಸೊಂಟದಿಂದಲೇ ಆರು ಗುಂಡು ಹಾರಿಸಿದರು. ಹೊಗೆ ಊದುವುದನ್ನೂ ಮರೆಯಲಿಲ್ಲ.

ಕೆಳಗೆ ಗುಂಡಿಯಲ್ಲಿ ಮಾವ ಚೌಕಟ್ಟನ್ನು ಇಳಿಸಿ ನೋಡಿದರು. ಕಾಗದದ ಮನುಷ್ಯ ಆಗ ತಾನೇ ಸ್ನಾನ ಮಾಡಿ ಬಂದವನ ಹಾಗೆ ನಿಂತಿದ್ದ. ಎರಡು ಗುಂಡು ದಿಬ್ಬದ ಮಣ್ಣಿಗೆ, ಒಂದು ಪಕ್ಕದ ಚೌಕಟ್ಟಿನ ಕಾಲಿಗೆ, ಒಂದು ನಂಬರು ಬರೆದ ತಗಡಿಗೆ. ಮಿಕ್ಕ ಎರಡು ಯಾವ ಲೋಕಕ್ಕೆ ಹೋದವೋ ತಿಳಿಯದು. ಮಾವ ಬಾವುಟಕ್ಕೆ ಕೈ ಹಾಕಿದರು. ಮೇಲೆ ನೂರಿಪ್ಪತ್ತು ಜನರ ಮುಂದೆ ಹೊಸ ಸಾಹೇಬರು ಕಾಯುತ್ತ ನಿಂತಿದ್ದಾರೆ. ಕೆಂಪು ಬಾವುಟ ಕಂಡರೆ ಆ ಮುಖ ಹೇಗಾಗುತ್ತದೋ ಎಂದು ಮಾವನ ಕರುಳು ಚುರುಕ್ ಎಂದಿತು. ನಿವೃತ್ತಿಗೆ ಇನ್ನು ಎರಡೇ ವರ್ಷ ಉಳಿದಿದೆ ಎಂಬುದೂ ನೆನಪಾಯಿತು. ಕರುಳು ಯಾವುದಕ್ಕೆ ಹೆಚ್ಚು ಚುರುಕ್ ಎಂದಿತೋ ನಾನು ಕೇಳಿಲ್ಲ. ರಿವಾಲ್ವರಿನ ಗುಂಡು ದಪ್ಪ, ಅದಕ್ಕೆ ದಪ್ಪನೆಯ ಕೆಂಪು-ನೀಲಿ ಪೆನ್ಸಿಲ್ ಹುಡುಕಿ ನಾಲ್ಕು ತೂತು ಮಾಡಿ, ಅಂಚಿಗೆ ಮಾಮೂಲಿ ಪೆನ್ಸಿಲ್ಲಿನ ಮಸಿ ತಿಕ್ಕಿದರು. ಆರೂ ಮಾಡಿದರೆ ದೇವರಿಗೂ ಅನುಮಾನ ಬರುತ್ತದೆ ಎಂಬ ಲೆಕ್ಕಾಚಾರ. ಬಿಳಿ ತಟ್ಟೆ ನಾಲ್ಕು ಸಲ ಮೇಲೆದ್ದಿತು, ನಾವೆಲ್ಲ ಚಪ್ಪಾಳೆ ತಟ್ಟಿದೆವು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ನಾನು.

ಆಮೇಲೆ ಪ್ರತಿ ಶನಿವಾರ ಇದೇ ಪೂಜೆ. ಸಾಹೇಬರ ಗುರಿ ವಾರದಿಂದ ವಾರಕ್ಕೆ ಸುಧಾರಿಸಿತು, ಏಕೆಂದರೆ ಮಾವನ ಕೈ ಪಳಗುತ್ತಿತ್ತು. ನಾಲ್ಕು ಐದಾಯಿತು, ಐದು ಆರಾಯಿತು, ಆರೂ ಎದೆಯ ಮೇಲೆ ಅಂಗೈ ಅಗಲದಲ್ಲಿ ಬೀಳತೊಡಗಿದವು. ಒಂದು ಸಲ ಮಾವ ಕಲಾವಿದನ ಹುಮ್ಮಸ್ಸಿನಲ್ಲಿ ಎರಡು ಕಣ್ಣಿಗೂ ಒಂದೊಂದು ಇಟ್ಟರು. ಸಾಹೇಬರು ಆ ಕಾಗದಕ್ಕೆ ಚೌಕಟ್ಟು ಹಾಕಿಸಿ ಕಚೇರಿಯಲ್ಲಿ ತೂಗುಹಾಕಿದರು. ಬರಬರುತ್ತ ಅವರು ಪಾಠ ಮಾಡಲೂ ಶುರು ಮಾಡಿದರು. ಕಣ್ಣು ಮೋಸ ಮಾಡುತ್ತದೆ, ಸೊಂಟ ಮೋಸ ಮಾಡುವುದಿಲ್ಲ ಎಂಬುದು ಮೊದಲನೆಯ ಪಾಠದ ಮೊದಲನೆಯ ವಾಕ್ಯ. ತರಬೇತಿಯವರೆಲ್ಲ ವಾರಕ್ಕೆ ಎರಡು ದಿನ ಸೊಂಟದಿಂದಲೇ ಹೊಡೆಯಬೇಕೆಂದು ಆಜ್ಞೆಯಾಯಿತು. ಅವರ ಗುಂಡುಗಳು ಊರೆಲ್ಲ ಹೋದಾಗ, ನಿಮಗೆ ನಂಬಿಕೆ ಸಾಲದು ಎಂದು ಸಾಹೇಬರು ಗದರಿದರು. ಪಾಪ, ಅವರಿಗೂ ಮಾವ ತೂತು ಹಾಕಿಕೊಟ್ಟರು. ತಿಂಗಳಿಗೆ ಒಂದು ಡಜನ್ ಪೆನ್ಸಿಲ್ ಖಾಲಿ. ಗುಂಡಿಯಲ್ಲಿ ಕೂತವನಿಗೆ ಇಷ್ಟು ಬರೆಯುವುದೇನಿರುತ್ತದೆ ಎಂದು ಅಂಗಡಿಯವನು ಕೇಳಿದನಂತೆ.

ಹದಿನೆಂಟು ತಿಂಗಳು ಹೀಗೆ ನಡೆಯಿತು. ಶಾಲೆಯ ವಾರ್ಷಿಕೋತ್ಸವ ಬಂತು. ಹೊರಗಿನಿಂದ ಹಿರಿಯ ಅಧಿಕಾರಿಗಳು ಬರುವವರಿದ್ದರು. ಕಾಗದಕ್ಕೆ ಹೊಡೆದು ತೋರಿಸುವುದು ಸಾಹೇಬರಿಗೆ ಈಗ ಸಪ್ಪೆ ಎನಿಸತೊಡಗಿತ್ತು. ಒಬ್ಬ ಮನುಷ್ಯ ಎರಡೂ ಕೈ ಚಾಚಿ, ಒಂದೊಂದು ಅಂಗೈಯಲ್ಲಿ ಒಂದೊಂದು ಮಣ್ಣಿನ ಕುಡಿಕೆ ಹಿಡಿದು ನಿಲ್ಲಬೇಕು, ತಾವು ಇಪ್ಪತ್ತೈದು ಹೆಜ್ಜೆಯಿಂದ, ಸೊಂಟದಿಂದ, ಎರಡನ್ನೂ ಒಡೆಯುವುದು ಎಂದು ತೀರ್ಮಾನವಾಯಿತು. ನಿಲ್ಲಲು ಗಟ್ಟಿ ಎದೆಯವನೊಬ್ಬ ಬೇಕು. ಈ ಮೈದಾನಕ್ಕೆ ಜೀವ ತೇದ ಮನೆತನದವನೇ ಆಗಲಿ ಎಂದು ಸಾಹೇಬರು ತೇಪೆಯಣ್ಣನ ಅಳಿಯನನ್ನು, ಎಂದರೆ ನನ್ನನ್ನು, ಆರಿಸಿದರು.

ನಾನು ಹಿಗ್ಗಿ ಹೀರೇಕಾಯಿಯಾದೆ. ಹೊಸ ಸಮವಸ್ತ್ರಕ್ಕೆ ಇಸ್ತ್ರಿ ಹಾಕಿಸಿದೆ. ಅಕ್ಕಪಕ್ಕದ ಮನೆಯವರಿಗೆಲ್ಲ ಹೇಳಿಕೊಂಡು ಬಂದೆ. ಕೈ ಅಲುಗಬಾರದೆಂದು ದಿನಾ ಬೆಳಿಗ್ಗೆ ಹಿತ್ತಲಲ್ಲಿ ಎರಡು ತಂಬಿಗೆ ಹಿಡಿದು ಕೈ ಚಾಚಿ ನಿಲ್ಲುತ್ತಿದ್ದೆ. ಹೆಂಡತಿ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಆಗ ಅವಳಿಗೆ ಐದು ತಿಂಗಳು.

ಸುದ್ದಿ ಕೇಳಿದ ದಿನದಿಂದ ಮಾವನಿಗೆ ಊಟ ಸೇರಲಿಲ್ಲ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವರ ಹಾಗೆ, ನುಂಗುವಂತಿಲ್ಲ, ಉಗುಳುವಂತಿಲ್ಲ. ಮೊದಲು ಅವರು ತಮ್ಮ ಹಳೆಯ ವಿದ್ಯೆಯನ್ನೇ ಪ್ರಯೋಗಿಸಿದರು, ಎಂದರೆ ತೇಪೆ. ಬೆನ್ನುನೋವು ಎಂದು ರಜೆ ಹಾಕಿ ಎಂದರು. ನಿಮ್ಮ ಬಣ್ಣಕ್ಕೆ ಬಿಸಿಲು ಆಗದು ಎಂದರು. ದೂರದ ನೆಂಟರೊಬ್ಬರು ಹಾಸಿಗೆ ಹಿಡಿದಿದ್ದಾರೆ, ಹೋಗಿ ನೋಡಿಕೊಂಡು ಬನ್ನಿ ಎಂದರು. ಆ ನೆಂಟರು ಎರಡು ವರ್ಷದ ಹಿಂದೆಯೇ ತೀರಿಕೊಂಡಿದ್ದರು, ಹೆಣಕ್ಕೆ ಹೆಗಲು ಕೊಟ್ಟವನು ನಾನೇ. ಮಾವನಿಗೆ ನನ್ನ ಮೇಲೆ ಹೊಟ್ಟೆಕಿಚ್ಚು ಎಂದು ನಾನು ನಂಬಿದೆ. ಮೂವತ್ತು ವರ್ಷ ಗುಂಡಿಯಲ್ಲಿ ಕೂತವರಿಗೆ ಅಳಿಯ ಮೇಲೆ ನಿಲ್ಲುವುದನ್ನು ಸಹಿಸಲಾಗುವುದಿಲ್ಲ ಎಂದು ಹೆಂಡತಿಯ ಹತ್ತಿರವೂ ಹೇಳಿದೆ. ಅವಳು ಎರಡು ದಿನ ನನ್ನೊಂದಿಗೆ ಮಾತು ಬಿಟ್ಟಳು.

ಉತ್ಸವಕ್ಕೆ ನಾಲ್ಕು ದಿನ ಇರುವಾಗ, ಭಾನುವಾರ ಮಧ್ಯಾಹ್ನ, ಮಾವ ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದರು. ಗೋಡೆಯಿಂದ ಹಳೆಯ ಕ್ಯಾಲೆಂಡರಿನ ಹಾಳೆ ಕಿತ್ತು ನನ್ನ ಕೈಗೆ ಕೊಟ್ಟು ಬಿಗಿಯಾಗಿ ಹಿಡಿದುಕೊಳ್ಳಲು ಹೇಳಿದರು. ಜೇಬಿನಿಂದ ಪೆನ್ಸಿಲ್ ತೆಗೆದು ಟಪಟಪ ಎಂದು ಆರು ಚುಚ್ಚಿ, ಅಂಚು ತಿಕ್ಕಿ, ಹೇಗಿದೆ ಎಂಬಂತೆ ನನ್ನ ಮುಖ ನೋಡಿದರು. ದಿನವೂ ಅಂಥ ತೂತುಗಳನ್ನು ನೋಡುವವನು ನಾನು. ಒಂದಕ್ಕೂ ತಪ್ಪು ಹುಡುಕಲಾಗಲಿಲ್ಲ. ಆದರೂ ನಂಬಲಿಲ್ಲ. ಸಾಹೇಬರು ಹೊಡೆಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ ಎಂದು ವಾದಿಸಿದೆ.

ಮಾವ ವಾದ ಮಾಡಲಿಲ್ಲ. ಒಲೆಯ ಪಕ್ಕದ ಸೌಟು ತೆಗೆದು ಸೊಂಟಕ್ಕೆ ಒತ್ತಿ ಹಿಡಿದರು. ಕಣ್ಣಿಗೆ ಹಿಡಿದರೆ ನಳಿಗೆ ಎತ್ತ ವಾಲಿದೆ ಎಂದು ಕಾಣುತ್ತದೆ, ಸರಿಮಾಡಿಕೊಳ್ಳಬಹುದು, ಸೊಂಟದಲ್ಲಿ ಹಿಡಿದರೆ ಯಾರು ನೋಡುತ್ತಾರೆ ಎಂದು ಕೇಳಿದರು. ಇಲ್ಲಿ ಬೆಂಕಿಕಡ್ಡಿಯ ದಪ್ಪದಷ್ಟು ವಾಲಿದರೆ ಇಪ್ಪತ್ತೈದು ಹೆಜ್ಜೆಯಲ್ಲಿ ಅದು ಒಂದು ಗೇಣು. ಬೆರಳಿನ ದಪ್ಪ ವಾಲಿದರೆ ಗುಂಡು ಪಕ್ಕದವನ ಪಾಲು. ಮೂವತ್ತು ವರ್ಷದಲ್ಲಿ ಸೊಂಟದಿಂದ ಸರಿಯಾಗಿ ಹೊಡೆದವರನ್ನು ಕಂಡೇ ಇಲ್ಲವೇ ಎಂದು ಕೇಳಿದೆ. ಕಂಡಿದ್ದಾರಂತೆ, ಮೂರು ಹೆಜ್ಜೆ ದೂರದಿಂದ. ಅಷ್ಟು ಹತ್ತಿರ ಇದ್ದರೆ ಗುಂಡು ದಂಡ, ಕೆನ್ನೆಗೆ ಬಾರಿಸುವುದೇ ಸಲೀಸು ಎಂದರು. ವರ್ಷಗಟ್ಟಲೆ ಬೆಳಗಿನಿಂದ ಸಂಜೆಯವರೆಗೆ ಅದನ್ನೇ ಅಭ್ಯಾಸ ಮಾಡುವವರು ಎಲ್ಲೋ ಇದ್ದಾರಂತೆ, ತಾವು ಕಂಡಿಲ್ಲ, ಕಂಡರೂ ಅವರ ಮುಂದೆ ಅಳಿಯನನ್ನು ನಿಲ್ಲಿಸುವುದಿಲ್ಲ ಎಂದರು.

ನಾನು ಇನ್ನೂ ತಲೆ ಅಲ್ಲಾಡಿಸುತ್ತಿದ್ದೆ. ಮಾವ ಸೌಟು ಕೆಳಗಿಟ್ಟು ತಲೆ ತಗ್ಗಿಸಿದರು.

"ಅಳಿಯಂದ್ರೇ, ನಿಮ್ಮ ಪರೀಕ್ಷೆ ದಿನ ತಟ್ಟೆ ಏಳು ಸಲ ಎತ್ತಿದ್ದೆ, ನೆನಪಿದೆಯಾ. ಅದ್ರಲ್ಲಿ ಮೂರು ನಿಮ್ದು. ನಾಲ್ಕು ನಂದು."

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ನಾನು ಅಲ್ಲೇ ಅಕ್ಕಿ ಡಬ್ಬದ ಮೇಲೆ ಕೂತುಬಿಟ್ಟೆ. ಜೀವ ಹೋಗುತ್ತದೆ ಎಂಬ ಹೆದರಿಕೆಗಿಂತ ಮೊದಲು ಬಂದದ್ದು ಆ ಮೂರರ ಅವಮಾನ. ಇಷ್ಟು ಗೊತ್ತಿದ್ದೂ ನನಗೆ ಮಗಳನ್ನು ಯಾಕೆ ಕೊಟ್ಟಿರಿ ಎಂದು ಕೇಳಿದೆ. ಗುರಿ ಇಲ್ಲದಿದ್ದರೇನು, ನಡತೆ ಇತ್ತು ಎಂದರು. ಆ ಹೊತ್ತಿನಲ್ಲೂ ತೇಪೆ.

ಮರುದಿನ ಮಾವ ಸಾಹೇಬರ ಕಚೇರಿಗೆ ಹೋದರು. ನಾನೂ ಹಿಂದೆ ಹೋಗಿ ಬಾಗಿಲ ಹೊರಗೆ ನಿಂತೆ. ಒಳಗೆ ಹೋಗಿ ಕುಡಿಕೆ ಹಿಡಿಯಲಾರೆ ಎಂದು ನಾನೇ ಹೇಳಬಹುದಿತ್ತು. ಯಾಕೆ ಎಂದು ಕೇಳಿದರೆ ನನ್ನ ಏಳರ ಕತೆಯೂ ಬಿಚ್ಚಿಕೊಳ್ಳುತ್ತಿತ್ತು, ಅದಕ್ಕೇ ಹೇಳಲಿಲ್ಲ. ಜೀವಕ್ಕಿಂತ ಕೆಲಸ ದೊಡ್ಡದು ಎಂದುಕೊಳ್ಳುವ ಮಟ್ಟದ ಬುದ್ಧಿವಂತ ನಾನು. ಮಾವ ಎಲ್ಲವನ್ನೂ ಹೇಳಿದರು, ಮೊದಲ ಶನಿವಾರದಿಂದ. ನನ್ನ ಹೆಸರು ಎತ್ತಲಿಲ್ಲ. ಸಾಹೇಬರು ನಡುವೆ ಒಮ್ಮೆಯೂ ಬಾಯಿ ಹಾಕದೆ ಕೇಳಿ, ಆಮೇಲೆ ಗಟ್ಟಿಯಾಗಿ ನಕ್ಕರು. ಅಳಿಯನ ಮೇಲಿನ ಮಮತೆಯಿಂದ ಹೀಗೊಂದು ಕತೆ ಕಟ್ಟಿದ್ದೀಯ ಎಂದರು. ಗೋಡೆಯ ಮೇಲಿನ ಎರಡು ಕಣ್ಣಿನ ಕಾಗದ ತೋರಿಸಿ, ಇದನ್ನೂ ನೀನೇ ಚುಚ್ಚಿದ್ದೋ ಎಂದು ಕೇಳಿದರು. ಹೌದು ಎಂದಾಗ ನಗು ನಿಂತಿತು. ತನ್ನ ಗುಂಡಿನ ಗುರುತು ತನಗೆ ತಿಳಿಯುವುದಿಲ್ಲವೇ ಎಂದರು, ಇನ್ನೊಮ್ಮೆ ಈ ಮಾತು ಆಡಿದರೆ ನಿವೃತ್ತಿಯ ತನಕ ಕಾಯಬೇಕಾಗಿಲ್ಲ ಎಂದು ಹೇಳಿ ಕಳಿಸಿದರು. ಸುಳ್ಳನ್ನು ಅಷ್ಟು ಚೆನ್ನಾಗಿ ಮಾಡಿದರೆ ಇದೇ ಗತಿ, ಮಾಡಿದವನೇ ಬಂದು ಹೇಳಿದರೂ ಯಾರೂ ಒಪ್ಪುವುದಿಲ್ಲ.

ಉತ್ಸವದ ಹಿಂದಿನ ಬೆಳಿಗ್ಗೆ ತಾಲೀಮು. ಮೊದಲು ಕಾಗದಕ್ಕೆ ಆರು, ಕೈ ಬಿಸಿಯಾಗಲಿ ಎಂದು. ಆಮೇಲೆ ನಾನು ಮತ್ತು ನನ್ನ ಎರಡು ಕುಡಿಕೆ. ನಾನು ಪಕ್ಕದಲ್ಲಿ ಕುಡಿಕೆಗಳನ್ನು ಎದೆಗೆ ಅವಚಿಕೊಂಡು ನಿಂತಿದ್ದೆ. ಹಿತ್ತಲಿನಲ್ಲಿ ತಂಬಿಗೆ ಹಿಡಿದು ಪಳಗಿದ ಕೈಗಳಲ್ಲೇ ಕುಡಿಕೆಗೆ ಕುಡಿಕೆ ತಾಗಿ ಸದ್ದಾಗುತ್ತಿತ್ತು. ಮಾವ ಎಂದಿನಂತೆ ಗುಂಡಿಗೆ ಇಳಿಯಬೇಕಿತ್ತು. ಅವರು ಅಂಟಿನ ಡಬ್ಬಿಯನ್ನು ಗುಂಡಿಯ ಅಂಚಿನಲ್ಲೇ ಬಿಟ್ಟು, ಬಯಲಿನಲ್ಲಿ ನಡೆದು ಬಂದು, ಸಾಹೇಬರ ಪಕ್ಕದಲ್ಲಿ ಕೈಕಟ್ಟಿ ನಿಂತರು. ಇಷ್ಟು ವರ್ಷದಲ್ಲಿ ಗುಂಡು ಹಾರುವಾಗ ಅವರು ಮೇಲೆ ನಿಂತದ್ದು ಅದೇ ಮೊದಲು.

"ಇವತ್ತು ಗುಂಡಿಯಲ್ಲಿ ಯಾರೂ ಬೇಡ ಸಾರ್. ನೀವು ಹೊಡೀರಿ. ಇಬ್ರೂ ಒಟ್ಟಿಗೆ ಹೋಗಿ ನೋಡೋಣ."

ನೂರಿಪ್ಪತ್ತು ಜನ ನೋಡುತ್ತಿದ್ದರು. ಬೇಡ ಎನ್ನಲು ಸಾಹೇಬರಿಗೆ ದಾರಿ ಇರಲಿಲ್ಲ, ಬೇಡ ಎನ್ನುವ ಮನಸ್ಸೂ ಇರಲಿಲ್ಲ. ಕಾಲು ಅಗಲಿಸಿ ನಿಂತರು. ಆರು ಸದ್ದು. ಆಮೇಲೆ ಆ ಇಬ್ಬರೂ ಇಪ್ಪತ್ತೈದು ಹೆಜ್ಜೆ ನಡೆದರು, ಕುಡಿಕೆ ಹಿಡಿದ ನಾನೂ ಯಾರೂ ಕರೆಯದಿದ್ದರೂ ಹಿಂಬಾಲಿಸಿದೆ. ಕಾಗದದ ಮೇಲೆ ಒಂದು ಗೀರೂ ಇರಲಿಲ್ಲ. ಸಾಹೇಬರು ಮೊದಲು ಮುಂದಿನಿಂದ ನೋಡಿದರು. ಹಿಂದೆ ಹೋಗಿ ನೋಡಿದರು. ಅಂಗೈಯಿಂದ ಕಾಗದವನ್ನು ಸವರಿದರು. ಅವರ ಕಿವಿಗಳು ಕೆಂಪಗಾದವು, ಆಮೇಲೆ ಮುಖದ ರಕ್ತವೆಲ್ಲ ಇಳಿದುಹೋಯಿತು. ನನ್ನ ಕೈಯ ಕುಡಿಕೆಗಳನ್ನು ನೋಡಿದರು, ನನ್ನ ಎದೆಯನ್ನು ನೋಡಿದರು. ನಾಳೆ ಏನಾಗುತ್ತಿತ್ತು ಎಂದು ಆ ಕ್ಷಣ ಅವರಿಗೆ ಕಂಡಿರಬೇಕು.

"ಯಾವತ್ತೂ ಬಿದ್ದಿಲ್ವಾ?" ಎಂದು ಕೇಳಿದರು, ನಮಗಿಬ್ಬರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ. "ಒಂದೂ?"

ನನ್ನ ಮಾವನ ಸ್ವಭಾವ ನನಗೆ ಗೊತ್ತು. ಒಂದೆರಡು ಬಿದ್ದಿತ್ತು ಸಾರ್ ಎಂದರೆ ಸಾಕಿತ್ತು, ಆ ಮುಖ ಸ್ವಲ್ಪ ಚೇತರಿಸಿಕೊಳ್ಳುತ್ತಿತ್ತು. ಜೀವಮಾನವಿಡೀ ಅದನ್ನೇ ಮಾಡಿದವರು ಅವರು. ಬಾಯಿ ತೆರೆದರು, ನನ್ನ ಕಡೆ ನೋಡಿದರು, ಬಾಯಿ ಮುಚ್ಚಿ ಮತ್ತೆ ತೆರೆದರು.

"ಇಲ್ಲ ಸಾರ್. ಒಂದೂ ಇಲ್ಲ."

ಗಾಳಿ ಜಾಸ್ತಿ ಇರುವ ಕಾರಣ ಪ್ರದರ್ಶನ ರದ್ದು ಎಂದು ಅವತ್ತೇ ಹಲಗೆಯ ಮೇಲೆ ಬರೆಸಿದರು. ಉತ್ಸವದ ದಿನ ಒಂದು ಎಲೆಯೂ ಅಲುಗಲಿಲ್ಲ. ಸೊಂಟದ ಪಾಠ ನಿಂತಿತು, ಯಾಕೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಮಾವನನ್ನು ಗುಂಡಿಯಿಂದ ತೆಗೆದು ಉಗ್ರಾಣದಲ್ಲಿ ಕಂಬಳಿ ಮಡಿಸಲು ಹಾಕಿದರು. ಮಾವನ ಮೇಲೆ ದೂರು ಬರೆಯಬೇಕಾದರೆ ಸಾಹೇಬರು ತಮ್ಮ ಹದಿನೆಂಟು ತಿಂಗಳ ಕತೆಯನ್ನೂ ಬರೆಯಬೇಕಿತ್ತು, ಹಾಗಾಗಿ ಅದು ಅಲ್ಲಿಗೇ ಮುಗಿಯಿತು. ನನ್ನ ಕೆಲಸವೂ ಉಳಿಯಿತು. ಸತ್ಯ ಹೇಳಿದವರಿಗೆ ಕಂಬಳಿ, ಹೇಳದವನಿಗೆ ಬಡ್ತಿ. ಮುಂದಿನ ವರ್ಷ ನಾನು ಬಂದೂಕು ಕೋಣೆಯ ಮೇಲ್ವಿಚಾರಕನಾದೆ. ನಾಚಿಕೆಯಾಯಿತೇ ಎಂದು ಹೆಂಡತಿ ಕೇಳಿದಳು, ಆಯಿತು ಎಂದೆ. ನಿಜವಾಗಿಯೂ ಆಯಿತು.

ನಡುವೆ ಒಂದು ದಿನ, ಮಾವನ ನಿವೃತ್ತಿಗೆ ಕೆಲವು ವಾರ ಉಳಿದಿರುವಾಗ, ಸಾಹೇಬರು ಅವರಿಗೆ ಮೈದಾನಕ್ಕೆ ಬರಲು ಹೇಳಿ ಕಳಿಸಿದರು. ನಾನು ಬಂದೂಕುಗಳನ್ನು ಲೆಕ್ಕ ಮಾಡಿ ಒಳಗಿಡಲು ಅಲ್ಲೇ ಇದ್ದೆ. ಅಷ್ಟರಲ್ಲಾಗಲೇ ಸಾಹೇಬರು ರಿವಾಲ್ವರನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಎಲ್ಲರ ಹಾಗೆ, ಉಸಿರು ಹಿಡಿದು ಹೊಡೆಯುವುದನ್ನು ಕಲಿಯುತ್ತಿದ್ದರು. ಅವತ್ತು ಆರು ಹೊಡೆದಿದ್ದರು. ಗುಂಡಿಗೆ ಬಂದಿದ್ದ ಹೊಸಬ ತಟ್ಟೆಯನ್ನು ಐದು ಸಲ ಎತ್ತಿದ್ದ. ಸಾಹೇಬರು ತಾವೇ ಹೋಗಿ ಕಾಗದ ಬಿಚ್ಚಿ ತಂದು ಮಾವನ ಮುಂದೆ ಹಿಡಿದರು. ಮಾವ ಕನ್ನಡಕ ಏರಿಸಿಕೊಂಡು ಬೆಳಕಿಗೆ ಹಿಡಿದು ನೋಡಿದರು.

"ಮೂರು ಅವ್ನದು ಸಾರ್. ಪಾಪ, ಹೊಸಬ, ಇನ್ನೂ ಅಂಚು ತಿಕ್ಕೋದು ಬಂದಿಲ್ಲ. ಎರಡು ನಿಮ್ದು."

ಸಾಹೇಬರು ಕಾಗದಕ್ಕೆ ಮುಖ ಹತ್ತಿರ ತಂದರು. ಯಾವ ಎರಡು ಎಂದು ಕೇಳಿದರು. ಮಾವ ಬೆರಳಿಟ್ಟು ತೋರಿಸಿದರು. ಒಂದು ಭುಜದ ತುದಿಯಲ್ಲಿ, ಇನ್ನೊಂದು ಕಿವಿಯ ಪಕ್ಕ, ಇನ್ನು ಕೂದಲೆಳೆ ಸರಿದಿದ್ದರೂ ಆಕೃತಿಯ ಹೊರಗೆ. ಅಷ್ಟರಲ್ಲಿ ಹೊಸಬ ಅಂಟಿನ ಡಬ್ಬಿ, ತೇಪೆಯ ಕಾಗದ ಹಿಡಿದು ಓಡಿ ಬಂದ. ಸಾಹೇಬರು ಕಾಗದವನ್ನು ಅವನ ಕೈಗೆ ಸಿಗದ ಹಾಗೆ ಪಕ್ಕಕ್ಕೆ ಸರಿಸಿಕೊಂಡು, ಕಿವಿಯ ಪಕ್ಕದ ಆ ತೂತಿನ ಮೇಲೆ ಹೆಬ್ಬೆರಳು ಆಡಿಸುತ್ತ, ಇದಕ್ಕೆ ಹಚ್ಚಬೇಡ ಎಂದರು.